ಭೂಮಿಗೆ ಲ್ಯಾಪ್‌ಟಾಪ್ ಕೊಂಡ ವರದಿ

ಪೋತ್ತನೂರು
29 ಜೂನ್ 2009, ಸೋಮವಾರ

ಭೂಮಿಯ ಅಪ್ಪನಿಗೆ ದ್ರಾಕ್ಷಾಯಣಿಯ ನಮಸ್ಕಾರಗಳು.

ನಾವಿಬ್ಬರೂ ಆರೋಗ್ಯವಾಗಿದ್ದೇವೆ. ನಿಮ್ಮ ವಾಲ್ಪಾರೈ ಬೆಟ್ಟದಲ್ಲಿ ಮಳೆ ಹಿಡಿದಿದೆಯಂತೆ. ಸ್ವೆಟರ್ ಇನ್ನೂ ಪೆಟ್ಟಿಗೆಯ ತಳದಲ್ಲೇ ಇದ್ದರೆ ದಯವಿಟ್ಟು ಹೊರಗೆ ತೆಗೆಯಿರಿ. ನಿಮ್ಮ ಕಾಗದ ಬಂದು ಇಪ್ಪತ್ತು ದಿನವಾಯಿತು, ತಡವಾಯಿತೆಂದು ಬೈಯಬೇಡಿ. "ಲ್ಯಾಪ್‌ಟಾಪ್ ಓದಿಗೆ ತಕ್ಕದ್ದು ಸಾಕು, ಮೂವತ್ತು ಸಾವಿರದೊಳಗೆ, ಆಟಗೀಟ ಇರಕೂಡದು" ಎಂದು ನೀವು ಕೊಟ್ಟ ಅಪ್ಪಣೆಯನ್ನು ಪಾಲಿಸುವುದರಲ್ಲೇ ಇಷ್ಟು ದಿನ ಹೋಯಿತು. ಪೂರ್ತಿ ಪಾಲಿಸಿದೆನೇ ಎನ್ನುವುದನ್ನು ಕೊನೆಯವರೆಗೂ ಓದಿ ನೀವೇ ಹೇಳಿ. ನಡುವೆ ಎದ್ದು ಹೋಗಬೇಡಿ.

ಲ್ಯಾಪ್‌ಟಾಪ್ ಬೇಕೇ ಬೇಕಾಗಿತ್ತು, ಅದನ್ನು ಮೊದಲು ಹೇಳಿಬಿಡುತ್ತೇನೆ. ಒಂಬತ್ತನೇ ತರಗತಿಗೆ ಬಂದ ಮೇಲೆ ಶಾಲೆಯಲ್ಲಿ ತಿಂಗಳಿಗೆರಡು ಪ್ರಾಜೆಕ್ಟ್, ಎಲ್ಲವೂ ಟೈಪ್ ಮಾಡಿಯೇ ಕೊಡಬೇಕು. ಬ್ರೌಸಿಂಗ್ ಸೆಂಟರಿಗೆ ಹುಡುಗಿಯನ್ನು ಒಬ್ಬಳೇ ಕಳಿಸಲು ಮನಸ್ಸಾಗದೆ ನಾನೂ ಹೋಗಿ ಪಕ್ಕದಲ್ಲಿ ಕೂರುತ್ತಿದ್ದೆ. ಶಾಲೆ ತೆರೆದ ಮೊದಲ ವಾರವೇ ಆ ಅಂಗಡಿಯವನು ನನ್ನ ಕುರ್ಚಿಗೂ ಗಂಟೆ ಲೆಕ್ಕದಲ್ಲಿ ದುಡ್ಡು ಕೇಳಿದ. ನಾನು ಕಂಪ್ಯೂಟರ್ ಮುಟ್ಟಿಲ್ಲವಲ್ಲ ಎಂದರೆ, "ಫ್ಯಾನ್ ಗಾಳಿ ತಗೊಂಡ್ರಲ್ಲಮ್ಮಾ" ಎಂದು ತಮಿಳಿನಲ್ಲಿ ಹೇಳಿ ನಕ್ಕ. ಅವತ್ತೇ ನಿಶ್ಚಯ ಮಾಡಿದೆ.

ಭೂಮಿ ಪತ್ರಿಕೆಗಳಲ್ಲಿ ಬಂದ ಜಾಹೀರಾತುಗಳನ್ನೆಲ್ಲ ಕತ್ತರಿಸಿ ಗಣಿತದ ನೋಟ್‌ಬುಕ್ಕಿನ ಹಿಂದೆ ಅಂಟಿಸಿಕೊಂಡಿದ್ದಳು. ನನಗೆ ಒಂದು ಅಕ್ಷರವೂ ತಿಳಿಯಲಿಲ್ಲ. ಆಗ ಅವಳು ಅಡುಗೆಮನೆಗೇ ಬಂದು ಪಾಠ ಮಾಡಿದಳು. "ಹಾರ್ಡ್ ಡಿಸ್ಕ್ ಅಂದ್ರೆ ಅಟ್ಟ ಕಣಮ್ಮ, ಎಲ್ಲಾ ತುಂಬಿಡೋದು. ರ್‍ಯಾಮ್ ಅಂದ್ರೆ ಅಡುಗೆ ಕಟ್ಟೆ. ಕಟ್ಟೆ ಚಿಕ್ಕದಾದ್ರೆ ಒಂದೇ ಸಲ ಅನ್ನ, ಸಾರು, ಪಲ್ಯ ಮಾಡಕ್ಕಾಗುತ್ತಾ?" ಆಗುವುದಿಲ್ಲ ಎನ್ನುವುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು! "ಮತ್ತೆ ಈ ಗ್ರಾಫಿಕ್ಸ್ ಕಾರ್ಡ್ ಅಂದ್ರೆ?" ಎಂದೆ. ಒಂದು ಗಳಿಗೆ ತಡೆದು, "ಅದು ಹಬ್ಬಕ್ಕೆ ಕರೆಸೋ ಅಡುಗೆಭಟ್ಟರ ಥರ. ಸೈನ್ಸಲ್ಲಿ ಹೃದಯದ ಚಿತ್ರ ತಿರುಗಿಸಿ ತಿರುಗಿಸಿ ನೋಡ್ಬೇಕಲ್ಲ, ಅದಕ್ಕೆ" ಎಂದಳು. ಆ ತಡೆದ ಗಳಿಗೆಯಲ್ಲೇ ನಾನು ಎಚ್ಚರವಾಗಬೇಕಿತ್ತು.

ಜೊತೆಗೆ ಯಾರಾದರೂ ಗಂಡಸರು ಬರಲಿ ಎಂದು ನಮ್ಮ ಮನೆಯ ಮಾಲೀಕರು ಗುರುಸಾಮಿಯವರನ್ನು ಕೇಳಿದೆ. ನೆಗಮಂನಲ್ಲಿ ಮಗ್ಗ ನಡೆಸಿದ ಮನೆತನ ಅವರದು, ಇವರದು ನಲವತ್ತು ವರ್ಷದಿಂದ ಸೀರೆ ವ್ಯಾಪಾರ. ಕಂಪ್ಯೂಟರಿನ ಹತ್ತಿರವೂ ಸುಳಿದವರಲ್ಲ. ಆದರೂ ಅಂಗಿಗೆ ಇಸ್ತ್ರಿ ಹಾಕಿಸಿಕೊಂಡು, ಕೊಡೆ ಹಿಡಿದು ಹೊರಟೇಬಿಟ್ಟರು. "ನೀನು ಬಯಪಡ್ಬೇಡಮ್ಮಾ. ಸಾಮಾನು ಎದಾದ್ರೂ ಆಗ್ಲಿ, ಮೋಸ ಮಾಡೋನ ಮುಖ ಎಲ್ಲಾ ಒಂದೇ" ಎಂದರು. ಅವರ ಕನ್ನಡ ನಿಮಗೆ ಗೊತ್ತೇ ಇದೆಯಲ್ಲ, ಅರ್ಧ ನಮ್ಮದು, ಅರ್ಧ ಇಲ್ಲಿಯದು.

ಗಾಂಧಿಪುರದಲ್ಲಿ ಮೂರು ಅಂಗಡಿ ಹತ್ತಿ ಇಳಿದೆವು. ನಾಲ್ಕನೆಯದರಲ್ಲಿ ನವನೀತನ್ ಎಂಬ ಸೇಲ್ಸ್‌ಮನ್ ಹುಡುಗ ಮರ್ಯಾದೆಯಿಂದ ಮಾತಾಡಿದ. ನಾನು ನನ್ನ ವಿದ್ಯೆ ತೋರಿಸೋಣವೆಂದು, "ಇದರ ಕಟ್ಟೆ ಎಷ್ಟಿದೆ?" ಎಂದೆ. ಅವನು ಲ್ಯಾಪ್‌ಟಾಪನ್ನು ಟೇಪಿನಲ್ಲಿ ಅಳೆಯಲು ಹೋದ. ಭೂಮಿ ನಾಚಿಕೆಯಿಂದ ನನಗೆ ಬೆನ್ನು ಹಾಕಿ ನಿಂತಳು.

ಅಷ್ಟರಲ್ಲಿ ಅವನೇ ಅವಳನ್ನು ತಮಿಳಿನಲ್ಲಿ, "ಪಾಪಾ, ಯಾವ ಗೇಮ್ ಆಡ್ತೀಯ?" ಎಂದು ಸಹಜವಾಗಿ ಕೇಳಿದ. ನಿಮ್ಮ ಮಗಳು ಕಣ್ಣು ಮಿಟುಕಿಸದೆ, "ಕಾರ್ ರೇಸ್ ಅಣ್ಣಾ, ಅದಕ್ಕೆ ಗ್ರಾಫಿಕ್ಸ್ ಕಾರ್ಡ್ ಬೇಕು" ಎಂದುಬಿಟ್ಟಳು! ಈ ಊರಿಗೆ ಬಂದ ಎರಡು ವರ್ಷದಲ್ಲಿ ನನಗೂ ಅಷ್ಟು ತಮಿಳು ಬಂದಿದೆ ಎನ್ನುವುದನ್ನು ಪಾಪ ಮರೆತಿದ್ದಳು.

"ಹೃದಯದ ಚಿತ್ರ ಎಲ್ಲಿ ಹೋಯ್ತು?" ಎಂದೆ.

ಅವಳ ಮುಖ ಇಷ್ಟೇ ಇಷ್ಟಾಯಿತು. ಬೈಯಬೇಕೆಂದೇ ಮೂಲೆಗೆ ಕರೆದುಕೊಂಡು ಹೋದೆ. ಅವಳು ಅಳಲಿಲ್ಲ, ಚಪ್ಪಲಿಯ ತುದಿ ನೋಡುತ್ತಾ ಹೇಳಿದಳು: "ಊಟದ ಹೊತ್ತಲ್ಲಿ ಎಲ್ಲರೂ ಬೇಗ ಬೇಗ ತಮಿಳಲ್ಲಿ ಜೋಕ್ ಮಾಡ್ತಾರಮ್ಮ. ನಂಗೆ ಅರ್ಥ ಆಗೋ ಹೊತ್ತಿಗೆ ನಕ್ಕು ಮುಗಿದಿರುತ್ತೆ. ಇಲಕ್ಕಿಯಾ ಮನೇಲಿ ರೇಸ್ ಆಡುವಾಗ ಮಾತ್ರ ನಾನೂ ಅವರ ಜೊತೇಲೇ ಕಿರುಚ್ತೀನಿ." ಇಲಕ್ಕಿಯಾ ಅವಳ ಬೆಂಚಿನವಳು. ಎರಡು ವರ್ಷದಲ್ಲಿ ನಮ್ಮ ಮನೆಗೆ ಬಂದ ಒಬ್ಬಳೇ ಗೆಳತಿ ಅವಳು. ನನಗೆ ಬೈಗುಳ ಮರೆತುಹೋಯಿತು. ನೀವಿದ್ದಿದ್ದರೆ ನಿಮಗೂ ಮರೆಯುತ್ತಿತ್ತು ಎಂದುಕೊಂಡಿದ್ದೇನೆ.

ನಾವು ತಿರುಗಿ ಬಂದಾಗ ಗುರುಸಾಮಿಯವರು ಗ್ರಾಫಿಕ್ಸ್ ಕಾರ್ಡ್ ಇದ್ದ ಒಂದನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದು ನಿಂತಿದ್ದರು. ನವನೀತನ್ ಪರದೆ ತೋರಿಸಿದರೆ ಇವರಿಗೆ ಬೇಡ. "ತಂಬಿ, ಮುಂದ್ಗಡೆ ಎಲ್ಲಾ ಚೆಂದಾನೇ ಇರ್ತದೆ. ತಿರುಪು, ಹಿಂದ್ಗಡೆ ನೋಡ್ಬೇಕು." ಬೆರಳಿನಿಂದ ಅಂಚೆಲ್ಲ ಸವರಿದರು, ಮೂಸಿ ಕೂಡ ನೋಡಿದರು! ಭೂಮಿ ನನ್ನ ಸೆರಗು ಎಳೆದು, "ಅಮ್ಮ, ಹೋಗೋಣ" ಎಂದಳು. ಅಂಗಡಿಯಲ್ಲಿದ್ದ ಕಾಲೇಜು ಹುಡುಗರು ನಗುತ್ತಿದ್ದರು.

ಗುರುಸಾಮಿಯವರು ಕೊಡೆಯ ತುದಿಯಿಂದ ಒಂದು ಸ್ಕ್ರೂ ತೋರಿಸಿದರು. "ಇಲ್ಲಿ ಪಾರು, ನೋಡು, ತಲೆ ಸವೆದಿದೆ. ಈ ಗಾಳಿ ಓಗೋ ಕಿಂಡೀಲಿ ದೂಳು. ಇದು ಒಬ್ಬಳು ಉಟ್ಟು, ಒಗೆದು, ಇಸ್ತ್ರಿ ಹಾಕಿ ಮಡಚಿಟ್ಟ ಸೀರೆ. ಪುದುಸು ಅಂತ ಹೇಳ್ತೀಯಲ್ಲ ತಂಬಿ?"

ಹೊಸದು ಎಂದು ಹೇಳಿದ್ದ ನವನೀತನ್ ಒಳಗೆ ಓಡಿದ. ಮಾಲೀಕ ರಾಜೇಂದ್ರನ್ ಬಂದು ಡಬ್ಬದ ನಂಬರ್ ತಾಳೆ ಹಾಕಿದರೆ, ಅದು ನಾಲ್ಕು ತಿಂಗಳು ಶೋಕೇಸಿನಲ್ಲಿ ಓಡಿಸಿ, ಬಿಚ್ಚಿ ರಿಪೇರಿ ಮಾಡಿದ್ದ ಪೀಸ್! ಹುಡುಗನಿಗೆ ಅದು ಗೊತ್ತಿರಲಿಲ್ಲ, ಮಾಲೀಕನಿಗೆ ಗೊತ್ತಿತ್ತು ಎನ್ನುವುದು ಅವರಿಬ್ಬರ ಮುಖ ನೋಡಿದರೇ ತಿಳಿಯುತ್ತಿತ್ತು. ನಗುತ್ತಿದ್ದ ಕಾಲೇಜು ಹುಡುಗರು ತಾವು ಆರಿಸಿಟ್ಟಿದ್ದನ್ನು ಮೆಲ್ಲಗೆ ತಿರುಗಿಸಿ ಹಿಂಬದಿ ನೋಡತೊಡಗಿದರು. ಗಿರಾಕಿಗಳೆಲ್ಲ ಕೇಳಿಸಿಕೊಳ್ಳುತ್ತಿದ್ದುದರಿಂದ ರಾಜೇಂದ್ರನ್ ಬೇಗ ಬೇಗನೆ ಸೀಲು ಒಡೆಯದ ಹೊಸ ಡಬ್ಬ ತರಿಸಿ, ಬೆಲೆ ಇಳಿಸಿ, ಬ್ಯಾಗನ್ನೂ ಸೇರಿಸಿ, ಮೂವತ್ತೊಂದೂವರೆ ಸಾವಿರಕ್ಕೆ ಕೊಟ್ಟರು. ನೀವು ಹೇಳಿದ್ದಕ್ಕಿಂತ ಹೆಚ್ಚಾದದ್ದನ್ನು ನನ್ನ ಹೊಲಿಗೆಯ ದುಡ್ಡಿನಿಂದ ತುಂಬಿದ್ದೇನೆ. ಆದ್ದರಿಂದ ನಿಮ್ಮ ಅಪ್ಪಣೆಯಲ್ಲಿ ಒಂದು ಭಾಗ ಉಳಿದಿದೆ ಎಂದೇ ನನ್ನ ವಾದ.

ಮನೆಗೆ ತಂದರೆ ಗುರುಸಾಮಿಯವರ ಹೆಂಡತಿ ರುಕ್ಮಣಿಯಕ್ಕ ಆರತಿ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದರು. ಕೀಬೋರ್ಡಿನ ಮೇಲೆ ವಿಭೂತಿ ಉದುರಿಸಲು ಹೋದಾಗ ಭೂಮಿ ಕಿರುಚಿದ ಕಿರುಚಿಗೆ ಎದುರಿನ ರೈಲ್ವೆ ಕ್ವಾರ್ಟರ್ಸಿನವರು ಕಿಟಕಿ ತೆರೆದರು. ಕೊನೆಗೆ ಮುಚ್ಚಳದ ಮೇಲೆ ಕುಂಕುಮ ಇಟ್ಟು ರಾಜಿಯಾಯಿತು. ಮರುದಿನ ರುಕ್ಮಣಿಯಕ್ಕ ಹಳೆಯ ನೆಗಮಂ ಸೀರೆಯ ಅಂಚಿನಲ್ಲಿ ಅದಕ್ಕೊಂದು ಕವಚ ಹೊಲಿದು ತಂದರು. ಹಸಿರು ಮೈ, ಕೆಂಪು ಅಂಚು. "ಮದುಮಗಳ ಥರ ಇದೆ, ನಾನು ಶಾಲೆಗೆ ಒಯ್ಯಲ್ಲ" ಎಂದು ಭೂಮಿ ಎರಡು ದಿನ ಮುನಿಸಿಕೊಂಡಿದ್ದಳು. ಇಲಕ್ಕಿಯಾ ಬಂದು ನೋಡಿ ತನಗೂ ಒಂದು ಬೇಕೆಂದಳು. ಈಗ ತರಗತಿಯಿಂದ ಐದು ಕವಚಕ್ಕೆ ಆರ್ಡರ್ ಬಂದಿದೆ. ಹೊಲಿಗೆ ನನ್ನದು, ಬಟ್ಟೆ ರುಕ್ಮಣಿಯಕ್ಕನದು.

ಓದಿನ ವಿಷಯ: ಮಣ್ಣಿನ ಸವಕಳಿಯ ಪ್ರಾಜೆಕ್ಟನ್ನು ಮನೆಯಲ್ಲೇ ಮಾಡಿ ಕೊಟ್ಟಳು. ಟೀಚರ್ ಗೋಡೆಗೆ ಅಂಟಿಸಿದ್ದಾರೆ.

ಆಟದ ವಿಷಯ: ದಿನಕ್ಕೆ ಮುಕ್ಕಾಲು ಗಂಟೆ ಎಂದು ಕಟ್ಟು ಮಾಡಿದ್ದೇನೆ. ಅದನ್ನು ಮೀರುತ್ತಿರುವವರು ಗುರುಸಾಮಿಯವರು. ಸಂಜೆ ಐದಕ್ಕೆ ಬಂದು ಕೂರುತ್ತಾರೆ. ರೇಸಿನಲ್ಲಿ ಎಡಗಡೆಗೇ ಹೋಗುತ್ತಾರೆ, ಹಿಂದಿನಿಂದ ಬಂದವರಿಗೆಲ್ಲ ದಾರಿ ಬಿಡುತ್ತಾರೆ, ತಿರುವಿನಲ್ಲಿ ನಿಲ್ಲಿಸಿ, "ಆರನ್ ಎಲ್ಲಿದೆ ಪಾಪಾ?" ಎಂದು ಹಾರ್ನ್ ಹುಡುಕುತ್ತಾರೆ. ಪ್ರತಿ ಸಲವೂ ಕೊನೆ. "ಆದ್ರೂ ವಂಡಿಗೆ ಒಂದು ಗೀರು ಬಿದ್ದಿಲ್ಲ ಪಾರು" ಎಂದು ತಮ್ಮನ್ನು ತಾವೇ ಮೆಚ್ಚಿಕೊಳ್ಳುತ್ತಾರೆ. ಮುಚ್ಚಿಟ್ಟು ಏನು ಪ್ರಯೋಜನ, ನಾನೂ ಆಡುತ್ತೇನೆ. ನಿನ್ನೆ ಬೆಟ್ಟದ ರಸ್ತೆಯಲ್ಲಿ ಮೂರನೆಯವಳಾಗಿ ಬಂದೆ. ಸಾರು ಸ್ವಲ್ಪ ಸೀದಿತು.

ಅಲ್ಲಿ ಜಿಗಣೆ ಹೆಚ್ಚೆಂದು ಕೇಳಿದೆ, ಕಾಲಿಗೆ ಉಪ್ಪು ಹಚ್ಚಿಕೊಂಡು ಓಡಾಡಿ. ರುಕ್ಮಣಿಯಕ್ಕ ಮತ್ತು ಗುರುಸಾಮಿಯವರು ನಿಮಗೆ ಆಶೀರ್ವಾದ ತಿಳಿಸಿದ್ದಾರೆ. ದೇವರು ನಿಮ್ಮನ್ನು ಮಳೆಯಲ್ಲೂ ಮಂಜಿನಲ್ಲೂ ಬೆಚ್ಚಗಿಟ್ಟಿರಲಿ.

ನಿಮ್ಮ
ದ್ರಾಕ್ಷಾಯಣಿ

ತಾ.ಕ.: ಒಂದು ವಿಷಯ ಬರೆಯಲೋ ಬೇಡವೋ ಎಂದು ಇದುವರೆಗೂ ತಡೆದೆ. ಬಿಲ್ ಹಾಕುವ ಮೊದಲು ನವನೀತನ್ ಅದೇ ಬೆಲೆಗೆ ಕ್ಯಾಮೆರಾ ಇರುವ ಇನ್ನೊಂದನ್ನು ತೋರಿಸಿದ. "ಅಪ್ಪ ವಾಲ್ಪಾರೈಯಲ್ಲಿ ಅಂತೀಯಲ್ಲ, ಅಲ್ಲೂ ಬ್ರೌಸಿಂಗ್ ಸೆಂಟರ್ ಬಂದಿದೆ. ಭಾನುವಾರ ಮುಖ ನೋಡಿಕೊಂಡೇ ಮಾತಾಡಬಹುದು" ಎಂದ. ಗ್ರಾಫಿಕ್ಸ್ ಕಾರ್ಡ್ ಮಾತ್ರ ಅದರಲ್ಲಿಲ್ಲ. ಇವಳು ಯೋಚಿಸಿಯಾಳು ಎಂದುಕೊಂಡೆ. ಭೂಮಿ ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದಳು: "ಬೇಡಮ್ಮ. ಊಟ ಆಯ್ತಾ, ಎಷ್ಟು ಮಾರ್ಕ್ಸ್ ಬಂತು, ಅಮ್ಮಂಗೆ ಫೋನ್ ಕೊಡು. ಇಷ್ಟಕ್ಕೆ ಮುಖ ಯಾಕೆ?"

ಸಿಟ್ಟಿನಿಂದ ಹೇಳಲಿಲ್ಲ. ಬ್ಯಾಗಿನ ಬಣ್ಣ ಹೇಳಿದ ಹಾಗೆ ಹೇಳಿದಳು. ಗುರುಸಾಮಿಯವರಿಗೆ ಅರ್ಥವಾಯಿತು, ಅವರು ಬಾಗಿಲಿಗೆ ಹೋಗಿ ರಸ್ತೆ ನೋಡುತ್ತಾ ನಿಂತರು. ಹಾಗೆಲ್ಲ ಅನ್ನಬಾರದು ಎಂದು ನಾನು ಹೇಳಬೇಕಿತ್ತು. ಆದರೆ ಫೋನ್ ನನ್ನ ಕೈಗೆ ಬಂದಾಗಲೂ ನೀವು ಕೇಳುವುದು ಬಾಡಿಗೆ, ಗ್ಯಾಸು, ಅಷ್ಟೇ ಅಲ್ಲವೇ?

ಅಲ್ಲಿಯ ಬೂತಿನಲ್ಲಿ ನಿಮ್ಮ ಹಿಂದೆ ಫೋನಿಗೆ ಸಾಲು ನಿಂತಿರುತ್ತದೆ, ನನಗೆ ಗೊತ್ತು. ಅವಳಿಗೆ ಗೊತ್ತಿಲ್ಲ. ಮುಂದಿನ ತಿಂಗಳು ಬಂದಾಗ ಮಾರ್ಕ್ಸ್ ಕಾರ್ಡನ್ನು ಆಮೇಲೆ ನೋಡಿ. ಮೊದಲು ಅವಳ ಪಕ್ಕದಲ್ಲಿ ಕೂತು ಒಂದು ರೇಸ್ ಆಡಿ. ಸೋಲುತ್ತೀರಿ. ಪರವಾಗಿಲ್ಲ, ಸೋತವರ ಜೊತೆ ಅವಳು ತುಂಬಾ ಹೊತ್ತು ಮಾತಾಡುತ್ತಾಳೆ.