ಮಾಸ್ತರರ ರಕ್ತ ಬೆಳ್ಳಗಾಯಿತು

ಮಾನ್ವಿ,
೧೭ ನವೆಂಬರ್ ೧೯೪೯

ಗೆಳೆಯ ವಹೀದನಿಗೆ ಗದ್ದೆಪ್ಪನ ಸಲಾಮು.

ಈ ಅಕ್ಷರ ನೋಡಿ ಗಾಬರಿಯಾಗಬೇಡ, ಬದುಕಿದ್ದೇನೆ. ನೀನು ದೇವದುರ್ಗದಲ್ಲಿ ಬಟ್ಟೆ ಅಂಗಡಿ ಇಟ್ಟಿರುವುದು ತಿಳಿದು ತಿಂಗಳಾಯಿತು. ತಡಮಾಡಿದ್ದಕ್ಕೆ ಸಿಟ್ಟಾಗಬೇಡ. ಕೆರೆಯವರೆಗೆ ನಡೆದು ವಾಪಸ್ಸು ಬಂದ ದಿನವೇ ಬರೆಯಬೇಕೆಂಬ ಹಟವಿತ್ತು. ಇವತ್ತು ನಡೆದುಬಂದೆ.

ಬೇಸಿಗೆಯಲ್ಲಿ ಪಾಠ ಹೇಳುತ್ತಲೇ ಎದೆನೋವು ಬಂದು ಕುಸಿದಿದ್ದೆ. ರಾಯಚೂರಿನ ಡಾಕ್ಟರು ಹೃದ್ರೋಗ ಎಂದರು, ಮಂಚ ಬಿಟ್ಟು ಏಳಬಾರದು ಎಂದರು. ಕುರ್ಡಿಗೂ ಪೋತ್ನಾಳಕ್ಕೂ ನಡೆದೇ ಹೋಗುತ್ತಿದ್ದ ಕಾಲು ಇವು, ನಿನಗೆ ಗೊತ್ತಲ್ಲ. ನನ್ನಾಕೆ ಯಮನಮ್ಮ ನನ್ನ ಚಪ್ಪಲಿಯನ್ನೇ ಬಚ್ಚಿಟ್ಟಳು. ಅವಳು ನೀರಿಗೆ ಹೋದಾಗಲೆಲ್ಲ ನಾನು ಬರಿಗಾಲಲ್ಲಿ ಅಂಗಳ ಸುತ್ತುತ್ತಿದ್ದೆ.

ದಸರೆಯ ನಂತರ ಮತ್ತೆ ರಾಯಚೂರಿಗೆ ಕರೆದಿದ್ದರು. ರಕ್ತ ಸರಿಯಿದ್ದರೆ ನಡೆದಾಡಬಹುದು, ಇಲ್ಲವಾದರೆ ಮತ್ತೆ ಮಂಚವೇ ಗತಿ. ಬಸ್ಸಿಳಿದವನೇ ಟಾಂಗಾ ಬೇಡವೆಂದು ಆಸ್ಪತ್ರೆಯವರೆಗೂ ಬಿರುಸಾಗಿ ನಡೆದುಬಿಟ್ಟೆ. ಯಮನಮ್ಮ ಹಿಂದೆ ಬೈಯುತ್ತ ಬಂದಳು. ತಲುಪಿದ ಕೂಡಲೇ ರಕ್ತ ತೆಗೆದರು. ಪರೀಕ್ಷೆ ಮಾಡುವ ಸಲಾವುದ್ದೀನ್ ಸೂಕ್ಷ್ಮದರ್ಶಕದಲ್ಲಿ ನೋಡಿ ಮುಖ ಸಣ್ಣದು ಮಾಡಿದ.

"ಖೂನ್ ಮೇ ಸಫೇದ್ ಬಹುತ್ ಹೈ, ಮಾಸ್ತರ್ ಸಾಬ್."

ರಕ್ತದಲ್ಲಿ ಬಿಳಿ ಕಣ ಹೆಚ್ಚಾಗಿವೆ ಎಂದು ಅವನು ಹೇಳಿದ್ದು. ಯಮನಮ್ಮನದು ನಿಮ್ಮ ಮನೆಯ ಗೋಡೆಯಾಚೆಯಿಂದ ಕೇಳಿ ಕಲಿತ ಉರ್ದು. ತಮ್ಮವರನ್ನೇ ಮರೆತವರಿಗೆ ಶಹಜಾದಿ ಭಾಬಿ 'ಖೂನ್ ಸಫೇದ್ ಹೋಗಯಾ', ರಕ್ತ ಬೆಳ್ಳಗಾಯಿತು, ಎನ್ನುತ್ತಿದ್ದರಲ್ಲ, ಅದೇ ಅರ್ಥ ಹಿಡಿದು ಅವನ ಮೇಲೆ ಹರಿಹಾಯ್ದಳು.

"ಏನಂದಿ? ನಮ್ಮನಿಯವ್ರು ಯಾರನ್ನ ಮರ್ತಾರ? ಎದಿಬ್ಯಾನಿ ಇಟಗೊಂಡು ದಡಾದಡಾ ನಡಕೊಂತ ಬಂದಾರ, ಮ್ಯಾಲೆ ಇದೊಂದು ಮಾತು ಕೇಳಬೇಕೇನು?"

ಡಾಕ್ಟರು ಒಳಗಿನಿಂದ ಎದ್ದು ಬಂದರು. "ನಡಕೊಂತ ಬಂದ್ರೇನು?"

ಶಾಲೆಯಲ್ಲಿ ನಾನು ಹುಡುಗರನ್ನು ಬೈಯುವ ಹಾಗೆಯೇ ನನ್ನನ್ನು ಬೈದರು. ಆಮೇಲೆ ನಕ್ಕರು. "ಬಿರುಸು ನಡೆದ್ರ ಬಿಳಿ ಕಣ ಸ್ವಲ್ಪ ಹೊತ್ತು ಏರ್ತಾವ್ರಿ. ಎದಿ ಗಟ್ಟಿ ಇದ್ದವ್ರಿಗೂ ಅಷ್ಟ, ನಿಮ್ಮಂಥವ್ರಿಗೂ ಅಷ್ಟ. ಒಳಗ ಎಲ್ಲೋ ಕೀವು ಆಗೇದಂತ ನಾವು ಅಂಜಿದ್ವಿ. ಈಗ ಸುಮ್ನ ಮಲಗ್ರಿ, ಸಂಜಿಗೆ ಮತ್ತ ನೋಡೂಣು."

ಸಂಜೆ ಸಲಾವುದ್ದೀನ್ ಹಲ್ಲು ಕಿರಿಯುತ್ತ ಬಂದ. ಕಣಗಳು ಇಳಿದಿದ್ದವು. ಡಾಕ್ಟರು ಬಹಳ ಹೊತ್ತು ನನ್ನ ಎದೆಬಡಿತ ಕೇಳಿದರು. "ಅಷ್ಟು ನಡೆದ್ರೂ ನೋವು ಬರಲಿಲ್ಲಲ್ಲ. ದಿನಾ ನಡೀರಿ ಮಾಸ್ತರ, ಆದ್ರ ಸಾವಕಾಶ." ವಹೀದ, ಕುಸ್ತಿ ಗೆದ್ದಷ್ಟು ಖುಷಿಯಾಯಿತು ನನಗೆ. ಆ ದಿನದಿಂದ ಚಪ್ಪಲಿ ಬಾಗಿಲಲ್ಲೇ ಇವೆ.

ನಿನ್ನ ವಿಳಾಸ ಕೊಟ್ಟವನೂ ಸಲಾವುದ್ದೀನನೇ, ಅವನು ದೇವದುರ್ಗದವನು. ಬರುವ ತಿಂಗಳು ಅಲ್ಲಿ ಬಸ್ಸಿಳಿದು ನಿನ್ನ ಅಂಗಡಿಗೆ ನಡೆದೇ ಬರುತ್ತೇನೆ, ಸಾವಕಾಶವಾಗಿ. ಭಾಬಿಗೆ ಸಲಾಮು. ನಿನ್ನ ಮಕ್ಕಳು ನೂರು ವರ್ಷ ಬಾಳಲಿ.

ನಿನ್ನ
ಗದ್ದೆಪ್ಪ

ತಾ.ಕ.: ಇದನ್ನು ಬರೆಯಬೇಡಿ ಎಂದು ಯಮನಮ್ಮ ಹೇಳಿದಳು, ಆದರೂ ಬರೆಯುತ್ತೇನೆ. ಹೋದ ವರ್ಷದ ಹಿಂದೂ-ಮುಸ್ಲಿಂ ಗಲಾಟೆಯಲ್ಲಿ ನೀವು ಊರು ಬಿಟ್ಟಾಗ ನಮ್ಮ ಬಾಗಿಲು ತೆರೆದೇ ಇತ್ತು. ನಡುವೆ ಇದ್ದದ್ದು ಒಂದು ಗೋಡೆ. ನೀನು ಒಂದು ಮಾತೂ ಹೇಳದೆ ಹೊರಟುಹೋದೆ. ನಿನ್ನ ರಕ್ತ ಬೆಳ್ಳಗಾಯಿತೆಂದು ನಾನು ಒಂದು ದಿನವೂ ಅಂದುಕೊಂಡಿಲ್ಲ. ಆದರೆ ನಿಜ ಹೇಳು ವಹೀದ, ನಿನಗೆ ನನ್ನನ್ನು ಕಂಡರೂ ಭಯವಾಗಿತ್ತೇ?