ಚಿಗುರು ನೋಡಿ ಕೀಳಿಸಿದೆ

ಏಪ್ರಿಲ್ ೯, ಗುರುವಾರ

ಇವತ್ತೂ ಮೂರು ಸಲ ನೀರು ಹಾಕಿದೆ. ಕಾಡುದ್ರಾಕ್ಷಿ ಸಸಿಗಳು ತಲೆ ಎತ್ತಲಿಲ್ಲ.

ಹುಳಕ್ಕೆ ಬಗ್ಗದ ಬೇರು ಬೇಕೆಂದು ನಮ್ಮ ದ್ರಾಕ್ಷಿಯನ್ನು ಕಾಡುದ್ರಾಕ್ಷಿಯ ಬುಡಕ್ಕೇ ಕಸಿ ಕಟ್ಟುವುದು. ಚಳಿಗಾಲದಲ್ಲಿ ರಸ್ತೆ ಅಗಲ ಮಾಡುವವರು ಹಳ್ಳದ ದಂಡೆಯಲ್ಲಿದ್ದ ಅದರ ತಾಯಿಬಳ್ಳಿಯನ್ನು ಬುಡಸಮೇತ ಕಿತ್ತುಹಾಕಿದರು. ಅದಕ್ಕೆ ಮೊದಲೇ ಸೊಸೆ ನಲವತ್ತು ಕಡ್ಡಿ ಕತ್ತರಿಸಿ ತಂದು ಮರಳಿನಲ್ಲಿ ಊರಿದ್ದಳು. ಅಂಥ ಬಳ್ಳಿ ಸುತ್ತಮುತ್ತ ಇನ್ನೊಂದಿಲ್ಲ.

ಹೋದ ವಾರ ಗೇಣುದ್ದ ಚಿಗುರು ಕಂಡು, ತೋಟಕ್ಕೆ ನೆಡೋಣ ಎಂದೆ.

"ಬೇಡ ಅತ್ತೆ. ಈಗ ಬಂದಿರೋ ಚಿಗುರು ಕಡ್ಡಿಯೊಳಗಿನ ಹಳೇ ಸತ್ವದ್ದು. ಬೇರು ಬರೋದು ಆಮೇಲೆ. ಇನ್ನೊಂದು ತಿಂಗಳು ಬಿಡಿ."

"ನೀನು ಹುಟ್ಟೋಕೆ ಮುಂಚೆಯಿಂದ ಬಳ್ಳಿ ಕಟ್ಟಿದೀನಿ. ನಂಗೇ ಪಾಠ ಹೇಳ್ತೀಯಾ?" ಆಳುಗಳ ಎದುರಿಗೇ ಅಂದುಬಿಟ್ಟೆ.

ಮೊದಲ ಕಡ್ಡಿ ಕಿತ್ತಾಗ ಬುಡದಲ್ಲಿ ಅಕ್ಕಿಕಾಳಿನಷ್ಟು ಬಿಳಿ ಗಂಟು, ಎರಡು ಎಳೆ, ಅಷ್ಟೇ. ನಾನು ನೋಡಿದೆ. ಆಗಲೇ ನಿಲ್ಲಿಸಬಹುದಿತ್ತು. ಆಳುಗಳು ನನ್ನ ಮುಖವನ್ನೇ ನೋಡುತ್ತಿದ್ದರು. ನಲವತ್ತನ್ನೂ ಕೀಳಿಸಿ ತೋಟದಲ್ಲಿ ನೆಡಿಸಿದೆ.

ಬೇರಿಲ್ಲದ ಕಡ್ಡಿಗೆ ನೀರು ಹಾಕಿ ಏನು ಬಂತು? ಗೊತ್ತು. ಆದರೂ ಕೈ ಸುಮ್ಮನಿರುವುದಿಲ್ಲ.

ಸಂಜೆ ಸೊಸೆ ಬಂದು ನನ್ನ ಕೈಯಿಂದ ಚೊಂಬು ತೆಗೆದುಕೊಂಡಳು. "ಸಾಕು ಅತ್ತೆ, ಕೊಳೆಯುತ್ತೆ." ಬೈಯಲಿಲ್ಲ. ಬೈದಿದ್ದರೆ ತಿರುಗಿ ಬೈಯಲು ನನಗೆ ಬರುತ್ತಿತ್ತು.

ತಪ್ಪಾಯಿತು ಅನ್ನಬೇಕೆಂದು ಬಾಯಿ ತೆರೆದೆ. "ಗೇಟು ಹಾಕ್ಕೊಂಡು ಬಾ" ಅಂದೆ.

ಅವಳು ಹಾಕಿಕೊಂಡು ಬಂದಳು. ಈಗ ಪಕ್ಕದ ಕೋಣೆಯಲ್ಲಿ ಇನ್ನೂ ಎಚ್ಚರವಾಗಿದ್ದಾಳೆ. ನಾಲ್ಕು ಹೆಜ್ಜೆ. ಕಾಲು ಏಳುತ್ತಿಲ್ಲ.