ಕೆಂಚ ಹಿಡಿದ ಗೆರೆ

ಮಾರ್ಚ್ 6, 2007. ಸವಡಿ. ಬೆಳಿಗ್ಗೆ 8

ಇವತ್ತೂ ಕೆಂಚ ಬದುವಿನ ಹತ್ತಿರ ಬಲಕ್ಕೆ ತಿರುಗಿದ. ಬದು ಅಲ್ಲಿ ಸ್ವಲ್ಪ ಒಡೆದಿದೆ, ದಾಟುವುದು ಸುಲಭ. ಕೆಂಚ ಲ್ಯಾಬ್ರಡಾರ್ ನಾಯಿ. ಆದರೂ ನಮ್ಮಂತೆಯೇ ಸುಲಭದ ದಾರಿ ಹುಡುಕುತ್ತಾನೆ. ಬೈಯಲಿಲ್ಲ. ವಾಪಸ್ ಕರೆದು, ಹತ್ತು ಹೆಜ್ಜೆ ಮುಂದಿನಿಂದ ಮತ್ತೆ ಕಳಿಸಿದೆ. ಕೋಲಿಗೆ ಸಿಕ್ಕಿಸಿದ ಬಿಳಿ ಗೊಬ್ಬರದ ಚೀಲವೇ ಗುರಿ, ಬುಡದಲ್ಲಿ ಗೋಣಿಯ ಸುರುಳಿ. ನೆಟ್ಟಗೆ ಹೋಗಬೇಕು, ಕಚ್ಚಿ ತರಬೇಕು. ಮಿಲಿಟರಿಯಲ್ಲಿ ಹದಿನೇಳು ವರ್ಷ ನಾಯಿಗಳಿಗೆ ಇದನ್ನೇ ಕಲಿಸಿದೆ.

ಹೊಲ ಬಾಬುಸಾಬನದು. ನಾವಿಬ್ಬರೂ ಶಾಲೆಯಲ್ಲಿ ಒಂದೇ ಬೆಂಚಿನವರು. ಕಡಲೆ ಕಿತ್ತ ಮೇಲೆ ಖಾಲಿ ಇತ್ತು, ಕೇಳಿದೆ. "ನಿನ್ನ ನಾಯಿ ಸೀದಾ ಓಡೂದು ಕಲತಮ್ಯಾಲೆ, ನನ್ನ ಎತ್ತಿಗೂ ಅಷ್ಟ ಹೇಳಿಕೊಡು ಅನ್ನಪಾ, ಯಮನೂರ" ಎಂದ. ಅಷ್ಟರಲ್ಲೇ ಹೂಂ ಅಂದಂತಾಯಿತು.

ಮಾರ್ಚ್ 9

ಇನ್ನೂರು ಹೆಜ್ಜೆ. ಸೀಟಿ ಊದಿದರೆ ಎಲ್ಲಿದ್ದರೂ ಕೂರುತ್ತಾನೆ. ಬದು ಮಾತ್ರ ಇನ್ನೂ ಬಳಸಿಯೇ...

ನಾಯಿಯ ಮಾಲೀಕರು ಗಜೇಂದ್ರಗಡದ ಹೂವಪ್ಪ ಸಾಹುಕಾರರು. ಫೋನ್ ಬಂತು. ಭಾನುವಾರ ಸಂಜೆ ಗೆಳೆಯರನ್ನು ಕರೆದುಕೊಂಡು ನೋಡಲು ಬರುವರಂತೆ. ಮರ್ಯಾದೆ ನನ್ನ ಕೈಯಲ್ಲಿದೆಯಂತೆ. ರೇಣವ್ವ ಕೇಳಿಸಿಕೊಂಡು, "ನಿಮ್ಮ ಕೈಯಾಗ ಎಲ್ಲಿ ಐತ್ರಿ, ನಾಯಿ ಬಾಯಾಗ ಐತಿ" ಎಂದಳು. ಹೆಂಡತಿಯ ಮಾತಿಗೆ ನಕ್ಕೆ.

ಮಾರ್ಚ್ 11, ಭಾನುವಾರ

ಡೆಮೊ ಚಲೋ ಆಯಿತು. ಸಾಹುಕಾರರು ಖುಷಿ. ಸುಸ್ತು.

ಮಾರ್ಚ್ 12

ನಿನ್ನೆ ಬರೆದದ್ದು ಅರ್ಧ. ಯಾರೂ ಓದದ ಪುಸ್ತಕದಲ್ಲೂ ಮುಚ್ಚಿಟ್ಟೆ.

ನಡೆದದ್ದು ಇದು. ಗಾಳಿಗೆ ಚೀಲ ಕೋಲಿನ ಸಮೇತ ಬಿದ್ದಿತ್ತು. ಬದುವಿನಾಚೆ, ಎಡಕ್ಕೆ, ಬಾಬುಸಾಬ ಬಿಳಿ ಚಾದರ ಹಾಸಿ ಸಂಜೆಯ ನಮಾಜಿಗೆ ನಿಂತಿದ್ದ. ಓಡಬೇಕಾದ ಗೆರೆ ತೋರಿಸಲು ಕೆಂಚನ ತಲೆಯ ಪಕ್ಕ ಕೈ ಚಾಚಿದೆ. ಅವನು ನನ್ನ ಕೈ ನೋಡಲಿಲ್ಲ, ಆ ಬಿಳಿಯನ್ನೇ ನೋಡುತ್ತಿದ್ದ. ನನಗೆ ಗೊತ್ತಾಯಿತು. ಚೆನ್ನಾಗಿ ಗೊತ್ತಾಯಿತು. ಹಿಂದೆ ಆರು ಮಂದಿ ಕುರ್ಚಿ ಹಾಕಿಕೊಂಡು ಕಾಯುತ್ತಿದ್ದರು. "ಹೋಗ್" ಎಂದೆ.

ಬಾಣದಂತೆ ಹೋದ. ಬದುವನ್ನು ಮೊದಲ ಸಲ ನೆಟ್ಟಗೆ ಹಾರಿದ. ಸೀಟಿ ನನ್ನ ಹಲ್ಲಿನ ನಡುವೆಯೇ ಇತ್ತು. ಊದಲಿಲ್ಲ — ಅಷ್ಟು ಚಂದದ ಓಟ, ಕೆಡಿಸಲು ಮನಸ್ಸಾಗಲಿಲ್ಲ. ಬಾಬುಸಾಬ ಹಣೆಯನ್ನು ನೆಲಕ್ಕೆ ಹಚ್ಚಿದ್ದ. ಕೆಂಚ ಅವನ ಅಡಿಯಿಂದಲೇ ಚಾದರ ಎಳೆದ. ಅವನು ಮಗ್ಗುಲಿಗೆ ಬಿದ್ದ. ಟೋಪಿ ಮಣ್ಣಿಗೆ.

ಚಪ್ಪಾಳೆ ಬಿತ್ತು. ಅದೂ ಆಟದ ಭಾಗ ಅಂದುಕೊಂಡರು. ನಾನು ಕೆಂಚನ ಬಾಯಿಂದ ಚಾದರ ತೆಗೆದುಕೊಂಡೆ... ಬೆನ್ನು ತಟ್ಟಿದೆ.

ಮಾರ್ಚ್ 13

ಬಾಬುಸಾಬ ತಾನೇ ಮನೆಗೆ ಬಂದ. ಚಹಾ ಕುಡಿಯುತ್ತ ರೇಣವ್ವನಿಗೆ ಕಥೆ ಹೇಳಿ ನಗಿಸಿದ — ನಾಯಿಯ ಕಣ್ಣಿಗೆ ತಾನು ಗೊಬ್ಬರದ ಚೀಲದಂತೆ ಕಂಡನಂತೆ. ಅವನ ಹೆಂಡತಿ ರಸೂಲಬಿ ಸಿಟ್ಟಾಗಿದ್ದಳಂತೆ. ಮೂಕ ಪ್ರಾಣಿ, ಯಮನೂರ ನೋಡಿದ್ದರೆ ನಾಯಿಯನ್ನು ಬಿಡುತ್ತಿದ್ದನೇ ಎಂದು ಇವನೇ ಅವಳನ್ನು ಸಮಾಧಾನ ಮಾಡಿದನಂತೆ.

ಹೋಗುವಾಗ ಸುಮ್ಮನೆ ಕೇಳಿದ: "ನಿನಗ ಕಾಣಲಿಲ್ಲಲ್ಲ?"

"ಇಲ್ಲಪಾ" ಎಂದೆ.

ಮಾರ್ಚ್ 22

ಒಂಬತ್ತು ದಿನ ಹೊಲಕ್ಕೆ ಹೋಗಿಲ್ಲ. ಕೆಂಚನ ಕಾಲು ನೋಯುತ್ತಿದೆ ಎಂದು ಸಾಹುಕಾರರಿಗೆ ಹೇಳಿದ್ದೇನೆ. ಅವನು ಅಂಗಳದಲ್ಲಿ ಕುಣಿಯುತ್ತಿದ್ದಾನೆ. ಸಾಹುಕಾರರ ಗೆಳೆಯರೊಬ್ಬರು ತಮ್ಮ ಎರಡು ಮರಿಗಳನ್ನೂ ಕಲಿಯಲು ನನ್ನ ಹತ್ತಿರ ಕಳಿಸುವರಂತೆ. ಆ ಓಟ ನೋಡಿಯೇ.

ಮಾರ್ಚ್ 23. ಮಧ್ಯಾಹ್ನ

ಹೇಳಿದೆ. ಬಾಬುಸಾಬ ಎತ್ತುಗಳಿಗೆ ನೀರು ಕುಡಿಸುತ್ತಿದ್ದ.

"ನಾ ನಿನ್ನ ನೋಡಿದ್ದೆ, ಬಾಬು. ನೋಡೇ ಕಳಿಸಿದೆ. ಸೀಟಿನೂ ಊದಲಿಲ್ಲ."

ಬೈಯುತ್ತಾನೆ ಅಂದುಕೊಂಡಿದ್ದೆ. ಎತ್ತು ನೀರು ಕುಡಿದು ತಲೆ ಎತ್ತಿದ ಮೇಲೆ ಅದರ ಹಗ್ಗವನ್ನು ಗೂಟಕ್ಕೆ ಕಟ್ಟಿದ.

"ನಾಯಿ ಮುಟ್ಟಿದ ಚಾದರ ತೊಳದೆ. ಮೈ ತೊಳಕೊಂಡೆ. ನಮಾಜ ಮತ್ತ ಮಾಡಿದೆ" ಎಂದ. "ಇದನ್ನ ಯಾವ ನೀರಾಗ ತೊಳೀಲಿ, ಯಮನೂರ?"

ಹೊಲಕ್ಕೆ ಬರಬೇಡ ಅನ್ನಲಿಲ್ಲ. ಅಂದಿದ್ದರೆ ಚಲೋ ಇತ್ತು.

ಮಾರ್ಚ್ 26. ಸಂಜೆ

ಸಾಹುಕಾರರ ಒತ್ತಾಯಕ್ಕೆ ಕೆಂಚನನ್ನು ಕರೆದುಕೊಂಡು ಹೊಲಕ್ಕೆ ಹೋದೆ. ನಮಾಜಿನ ಹೊತ್ತಿಗೆ ಬಾಬುಸಾಬ ಬಂದ, ಚಾದರ ಮಡಚಿ ಕಂಕುಳಲ್ಲಿ ಹಿಡಿದುಕೊಂಡೇ ನಿಂತ. ನಾಯಿಗೆ ಹೆದರಿರಬೇಕು ಎಂದು ಕೆಂಚನನ್ನು ದೂರ ಬೇವಿನ ಗಿಡಕ್ಕೆ ಕಟ್ಟಿ ಬಂದೆ. ಹಾಸಲಿಲ್ಲ. ಕಟ್ಟಿದ್ದೇನೆ ಎಂದು ಕೈ ತೋರಿಸಿದೆ. ಆದರೂ ಹಾಸಲಿಲ್ಲ. ಹೊತ್ತು ಮೀರುತ್ತಿತ್ತು. ಆಮೇಲೆ ತಿಳಿಯಿತು, ಅವನು ಕಾಯುತ್ತಿದ್ದದ್ದು ನಾನು ಹೋಗಲಿ ಎಂದು.